ಸಲ್ಯೂಷನ್ ಅಂದ್ರ ಪಂಕ್ಚರ್‌ದಾ?

2023ರ ಮೇ ತಿಂಗಳಲ್ಲಿ ಕೊಪ್ಪಳದಲ್ಲಿ ಇನ್ನೂರು ವಿಸಿಟಿಂಗ್ ಕಾರ್ಡ್ ಪ್ರಿಂಟ್ ಹಾಕಿಸಿದೆ. ಹೆಸರಿನ ಮುಂದೆ ಬಿ.ಇ., ಕೆಳಗೆ ದಪ್ಪ ಅಕ್ಷರದಲ್ಲಿ ‘ಅಕೌಂಟಿಂಗ್ ಸಲ್ಯೂಷನ್ಸ್’. ಮೊದಲನೇ ಕಾರ್ಡನ್ನ ಕುಷ್ಟಗಿಯ ಹಾರ್ಡ್‌ವೇರ್ ಅಂಗಡಿಯ ಹಿರಿಯರೊಬ್ಬರಿಗೆ ಕೊಟ್ಟೆ. ಅವರು ಕನ್ನಡಕ ಏರಿಸಿಕೊಂಡು ಓದಿ, ಕಾರ್ಡನ್ನ ತಿರುಗಿಸಿ ಹಿಂದೆಯೂ ನೋಡಿ ಕೇಳಿದ್ರು: “ಸಲ್ಯೂಷನ್ ಅಂದ್ರ ಪಂಕ್ಚರ್‌ಗೆ ಹಚ್ಚತಾರಲ್ಲ, ಅದಾ?”

ಅಲ್ರೀ ಕಾಕಾ, ಅಂಗಡಿ ಲೆಕ್ಕ ಬರೆದುಕೊಡ್ತೀನಿ ಅಂದೆ.

“ಲೆಕ್ಕ ಬರಿಯಾಕ ಇಂಜಿನಿಯರ್ ಯಾಕ ಬೇಕು ತಮ್ಮಾ? ಲೆಕ್ಕ ನಮಗೂ ಬರತೈತಿ.”

ಅವರು ಹೇಳಿದ್ದು ಸುಳ್ಳೇನಲ್ಲ. ನಾನು ಫೋನಿನಲ್ಲಿ ಕ್ಯಾಲ್ಕುಲೇಟರ್ ಹುಡುಕೋದರೊಳಗೆ ಅವರು ಪೈಪಿನ ಅಡಿ ಲೆಕ್ಕ ಹಾಕಿ, ಚಿಲ್ಲರೆ ಬಿಟ್ಟು, ಗಿರಾಕಿಗೆ ಚಹಾ ಹೇಳಿ ಆಗಿರುತ್ತೆ. ಆ ಬೇಸಿಗೆಯಲ್ಲಿ ಕುಷ್ಟಗಿ, ಯಲಬುರ್ಗಾ, ಕೊಪ್ಪಳ, ಗಂಗಾವತಿ ಅಂತ ಬಸ್ಸಿನಲ್ಲಿ ತಿರುಗಿ ನೂರಾ ನಲವತ್ತು ಕಾರ್ಡ್ ಹಂಚಿದೆ. ಬಂದ ಫೋನು ಎರಡು. ಒಂದು, ಲ್ಯಾಪ್‌ಟಾಪ್ ರಿಪೇರಿ ಮಾಡ್ತೀರಾ ಅಂತ. ಇನ್ನೊಂದು ಹೆಣ್ಣಿನ ಕಡೆಯವರದು. ಕಂಪನಿ ಕೆಲಸ ಬಿಟ್ಟಿದ್ದು ಹೌದಾ ಅಂತ ವಿಚಾರಿಸೋಕೆ.

ಹೌದು, ಬಿಟ್ಟಿದ್ದೆ. ಮನೆಯಿಂದ ಮಾಡಿದ್ದು ಸಾಕು, ಬೆಂಗಳೂರಿಗೆ ಬನ್ನಿ ಅಂದಾಗ ನಾನು ಹೋಗ್ಲಿಲ್ಲ. ಊರಲ್ಲಿದ್ದ ಎರಡು ವರ್ಷದಲ್ಲಿ ಸೋದರಮಾವನ ಕಿರಾಣಿ ಅಂಗಡಿಯ ಜಿಎಸ್‌ಟಿ ಗೋಜಲು ಬಿಡಿಸ್ತಾ ಬಿಡಿಸ್ತಾ, ಇದನ್ನೇ ಯಾಕೆ ಕೆಲಸ ಮಾಡ್ಕೋಬಾರ್ದು ಅನ್ನಿಸಿತ್ತು. ಕೋಡ್ ಬರೆಯೋನಿಗೆ ಕೂಡೋ ಕಳೆಯೋ ಲೆಕ್ಕ ಯಾವ ಮಹಾ ಅನ್ನೋ ಸೊಕ್ಕೂ ಇತ್ತು ಅನ್ನಿ.

ಟ್ಯಾಲಿ ಕಲಿಯೋಕೆ ಕೂತೆ. ಇದು ನಮ್ಮ ಬೆಂಗಳೂರಿನದೇ ಸಾಫ್ಟ್‌ವೇರ್. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ತಮ್ಮ ವ್ಯಾಪಾರಕ್ಕೆ ಹೊಂದೋ ಲೆಕ್ಕದ ಪ್ರೋಗ್ರಾಂ ಸಿಗದೆ, ಗಣಿತ ಓದಿದ್ದ ಮಗ ಭರತ್‌ಗೆ ನೀನೇ ಬರಿ ಅಂದ್ರಂತೆ. ಕಂಪನಿ ಹುಟ್ಟಿದ್ದು ಹಾಗೆ. ಲೈಸೆನ್ಸ್ ಕೊಳ್ಳದೆ ಕಲಿಕೆಯ ಮೋಡಿನಲ್ಲಿ ತೆರೆದ್ರೆ ಅದರಲ್ಲಿ ತಿಂಗಳಿಗೆ ಮೂರೇ ತಾರೀಖು: 1, 2, 31. ಬೇರೆ ದಿನದ ಎಂಟ್ರಿ ತಗೊಳ್ಳಲ್ಲ. ಎರಡು ತಿಂಗಳು ಮಾವನ ಅಂಗಡಿಯ ವ್ಯಾಪಾರವನ್ನೆಲ್ಲಾ ಆ ಮೂರು ದಿನಗಳಲ್ಲೇ ನಡೆಸಿದೆ. ಮಾವ ಒಮ್ಮೆ ಇಣುಕಿ ನೋಡಿ, “ಹಂಗಾರ ಉಳಿದ ದಿನ ಅಂಗಡಿ ಬಂದ್ ಮಾಡ್ಲೇನು?” ಅಂದ್ರು.

ಬೆಂಗಳೂರಿನ ಗೆಳೆಯರು ಪದೇ ಪದೇ ಕೇಳೋ ಪ್ರಶ್ನೆಗೆ ಇಲ್ಲೇ ಉತ್ತರ ಹೇಳಿಬಿಡ್ತೀನಿ. ಲೆಕ್ಕ ಬರೆಯೋಕೆ ಯಾವ ಲೈಸೆನ್ಸೂ ಬೇಡ. ಆದ್ರೆ ಆಡಿಟ್‌ಗೆ ಸಹಿ ಹಾಕೋರು ಸಿಎ ಮಾತ್ರ. ಜಿಎಸ್‌ಟಿ ಪ್ರಾಕ್ಟಿಷನರ್ ಅಂತ ಇನ್ನೊಂದಿದೆ. ಅದಕ್ಕೆ ಕಾಮರ್ಸ್, ಕಾನೂನು, ಬಿಸಿನೆಸ್ ಅಡ್ಮಿನಿಸ್ಟ್ರೇಷನ್ ಥರದ ಡಿಗ್ರಿ ಆಗಬೇಕು, ಬಿಇ ನಡೆಯಲ್ಲ. ಹಾಗಾಗಿ ನನ್ನ ಪಾಲಿಗೆ ಉಳಿಯೋದು ಅದಕ್ಕಿಂತ ಮುಂಚಿನ ಕೆಲಸ. ದಿನದ ಖರೀದಿ, ಮಾರಾಟ, ಉದ್ರಿ ಬರೆಯೋದು; ಬ್ಯಾಂಕ್ ಪಾಸ್‌ಬುಕ್‌ಗೂ ಪುಸ್ತಕಕ್ಕೂ ತಾಳೆ ನೋಡೋದು; ಮಾಲು ಕೊಟ್ಟವರು ತಮ್ಮ ಬಿಲ್ಲನ್ನ ಸರಿಯಾಗಿ ಏರಿಸಿದ್ದಾರಾ ಅಂತ 14ನೇ ತಾರೀಖು ಬರೋ ಜಿಎಸ್‌ಟಿಆರ್ 2ಬಿ ಪಟ್ಟಿಯಲ್ಲಿ ಹುಡುಕೋದು. ರಿಟರ್ನ್ ಕಟ್ಟೋವಾಗ ಓಟಿಪಿ ಸಾವ್ಕಾರರ ಫೋನಿಗೇ ಹೋಗುತ್ತೆ. ಸಾವ್ಕಾರರು ಆ ಹೊತ್ತಿಗೆ ಸರಿಯಾಗಿ ನೆಟ್‌ವರ್ಕ್ ಇಲ್ಲದ ಹೊಲದಲ್ಲಿರ್ತಾರೆ.

ಮೊದಲನೇ ಗಿರಾಕಿ ಕಾರ್ಡಿನಿಂದ ಬರಲಿಲ್ಲ, ಚೀಲದಲ್ಲಿ ಬಂತು.

ಸೆಪ್ಟೆಂಬರ್ 30 ಆಡಿಟ್ ವರದಿ ಕೊಡೋ ಗಡುವು. ಅದಕ್ಕೆ ಹದಿನೈದು ದಿನ ಮುಂಚೆ ಪರಿಚಯದ ಸಿಎ ಒಬ್ಬರ ಆಫೀಸಿಗೆ ಹೋಗಿದ್ದೆ. ನೆಲದ ತುಂಬ ಪ್ಲಾಸ್ಟಿಕ್ ಚೀಲ. ಗೊಬ್ಬರದ ಚೀಲ, ಸೀರೆ ಅಂಗಡಿ ಚೀಲ, ಒಂದು ಸಿಮೆಂಟ್ ಚೀಲ ಕೂಡ. ಒಳಗೆಲ್ಲಾ ಬಿಲ್ಲು. ಅಂಗಡಿಯವರು ವರ್ಷವಿಡೀ ಮೊಳೆಗೆ ಚುಚ್ಚಿಟ್ಟ ಬಿಲ್ಲುಗಳನ್ನ ಆಡಿಟ್ ಕಾಲಕ್ಕೆ ಒಂದು ಚೀಲಕ್ಕೆ ಸುರಿದು ತಂದು ಇಟ್ಟು ಹೋಗ್ತಾರೆ. ಸಿಎ ಹತ್ತಿರ ಇದನ್ನ ಕೂತು ಎಂಟ್ರಿ ಮಾಡೋ ಹುಡುಗರಿರಲಿಲ್ಲ. “ನೀ ಏನೋ ಸಲ್ಯೂಷನ್ ಅಂತಿದ್ದೆಲ್ಲ,” ಅಂತ ಒಂದು ಚೀಲ ನನ್ನ ಕಡೆ ತಳ್ಳಿದ್ರು. ಯಲಬುರ್ಗಾದ ಪಂಪ್‌ಸೆಟ್, ಡ್ರಿಪ್ ಪೈಪ್ ಅಂಗಡಿಯದು. 2022-23ರ ಪೂರ್ತಿ ವರ್ಷ. ಆರು ಸಾವಿರ ರೂಪಾಯಿಗೆ ಒಪ್ಪಿಕೊಂಡೆ.

ಚೀಲದಲ್ಲಿ ಬಿಲ್ಲಿನ ಜತೆ ಒಂದು ಲಗ್ನಪತ್ರಿಕೆ, ಬಸ್ ಟಿಕೆಟ್ಟು, ಯಾರದೋ ರಕ್ತ ಪರೀಕ್ಷೆಯ ರಿಪೋರ್ಟು, ಎರಡು ಒಣಗಿದ ಎಲೆ ಅಡಿಕೆ ಇದ್ದವು. ನಾನು ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದೆ, ಬಿಲ್ಲು ಮತ್ತು 2ಬಿ ಎರಡನ್ನೂ ತಾನೇ ಹೊಂದಿಸೋ ಹಾಗೆ. ಅದು ಮಕಾಡೆ ಮಲಗಿತು. ಒಂದು ಕಡೆ ಬಿಲ್ ನಂಬರ್ 14 ಅಂತಿದ್ರೆ ಇನ್ನೊಂದು ಕಡೆ 0014/22-23. ಕೊನೆಗೆ ಹಾಸಿಗೆ ಮೇಲೆ ಬಿಲ್ಲು ಹರವಿಕೊಂಡು, ಫ್ಯಾನ್ ಆರಿಸಿ, ಕೈಯಿಂದಲೇ ಹೊಂದಿಸಿದೆ. ಹನ್ನೊಂದು ರಾತ್ರಿ.

ಹುಬ್ಬಳ್ಳಿಯ ಸಪ್ಲೈಯರ್ ಒಬ್ಬರ ಮೂರು ಬಿಲ್ಲು 2ಬಿಯಲ್ಲಿ ಇರಲೇ ಇಲ್ಲ. ಅಂದ್ರೆ ಅಂಗಡಿಯವರು ಅವರಿಗೆ ಕಟ್ಟಿದ ತೆರಿಗೆ, ಸುಮಾರು 38 ಸಾವಿರ, ಇವರ ಖಾತೆಗೆ ಬಂದಿಲ್ಲ. ಅಷ್ಟನ್ನೂ ಮತ್ತೆ ಕೈಯಿಂದ ಕಟ್ಟಿದ್ದಾರೆ. ಆ ವರ್ಷದ ಬಾಕಿ ತಗೊಳ್ಳೋಕೆ ನವೆಂಬರ್ 30ರವರೆಗೆ ಸಮಯ ಇತ್ತು. ನಾನೇ ಹುಬ್ಬಳ್ಳಿಗೆ ನಾಲ್ಕು ಸಲ ಫೋನ್ ಹಚ್ಚಿ, ಅವರು ಏರಿಸೋ ಹಾಗೆ ಮಾಡಿದೆ. ಯಲಬುರ್ಗಾಕ್ಕೆ ಹೋಗಿ ವಿಷಯ ಹೇಳಿದಾಗ ಅಂಗಡಿಯವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. “ನಮ್ಮ ರೊಕ್ಕ ಇಷ್ಟ್ ದಿವಸ ಅಲ್ಲಿ ಕುಂತಿತ್ತಾ?” ಅಂತ ಎರಡು ಸಲ ಕೇಳಿದ್ರು. ತಿಂಗಳಿಗೆ ಎರಡೂವರೆ ಸಾವಿರಕ್ಕೆ ಗಿರಾಕಿಯಾದ್ರು. ಅವರ ಬಾಯಿಂದಲೇ ಇನ್ನಿಬ್ಬರು ಬಂದ್ರು. ಉಳಿದ ಅರವತ್ತು ಕಾರ್ಡ್ ಇನ್ನೂ ಮನೆಯಲ್ಲಿವೆ. ಅವ್ವ ಅದರ ಹಿಂದೆ ಹಾಲಿನ ಲೆಕ್ಕ ಬರೀತಾಳೆ.

ಗಂಗಾವತಿಯ ಲೋಕವೇ ಬೇರೆ. ಕುಷ್ಟಗಿ, ಯಲಬುರ್ಗಾ ಕಡೆ ಮಳೆ ನಂಬಿದ ಹೊಲ; ಸಜ್ಜೆ, ಮೆಕ್ಕೆಜೋಳ, ಶೇಂಗಾ, ಬೋರ್ ಇದ್ದವರಿಗೆ ದಾಳಿಂಬೆ. ಗಂಗಾವತಿ ತುಂಗಭದ್ರಾ ಎಡದಂಡೆ ಕಾಲುವೆಯ ಊರು. ಭತ್ತ, ರೈಸ್‌ಮಿಲ್ಲು, ದಲಾಲಿ ಅಂಗಡಿ. ಅಲ್ಲಿ ಜಿಎಸ್‌ಟಿಯನ್ನ ಕಣ್ಣಾರೆ ನೋಡಬಹುದು. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆಜಿವರೆಗಿನ ಅಕ್ಕಿಗೆ ಶೇ 5 ತೆರಿಗೆ ಬಂತು. ಆಮೇಲೆ ಮಾರ್ಕೆಟ್ಟಿನಲ್ಲಿ 26 ಕೆಜಿ ಚೀಲ ಬಂತು! ಕೋಡಿನಲ್ಲಿ ನಾವು ಬೌಂಡರಿ ಕಂಡೀಷನ್ ಅಂತ ತಲೆ ಕೆಡಿಸಿಕೊಳ್ತೀವಲ್ಲ, ಅದನ್ನ ಇಲ್ಲಿ ಹಮಾಲರು ಬೆನ್ನ ಮೇಲೆ ಹೊರ್ತಾರೆ.

ದಲಾಲಿ ಅಂಗಡಿಗಳ ಹಿಂದೆ ನಾನು ಬಿದ್ದಿದ್ದಕ್ಕೆ ಒಂದು ಕಾರಣ ಇತ್ತು. ಎರಡು ಕೋಟಿ ಒಳಗಿನ ಸಾಮಾನ್ಯ ವ್ಯಾಪಾರಿ, ವಹಿವಾಟಿನ ಶೇ 8 ಅಥವಾ 6ರಷ್ಟು ಲಾಭ ಅಂತ ತೋರಿಸಿ, ಪುಸ್ತಕ ಇಡದೆ ಆದಾಯ ತೆರಿಗೆ ಮುಗಿಸಬಹುದು. ಕಮಿಷನ್ ಮೇಲೆ ನಡೆಯೋ ದಲಾಲಿಗೆ ಆ ಅನುಕೂಲ ಇಲ್ಲ. ಹೊಸಬರು ಯಾರಾದ್ರೂ ಈ ಕೆಲಸ ಶುರು ಮಾಡೋದಿದ್ರೆ, ಪುಸ್ತಕ ಇಟ್ಟರೆ ಒಳ್ಳೇದು ಅನ್ನೋರ ಹತ್ತಿರ ಹೋಗಬೇಡಿ, ಇಡಲೇಬೇಕಾದವರ ಹತ್ತಿರ ಹೋಗಿ.

ಹೋದೆ. ಅಲ್ಲೊಬ್ಬರು ಗುಮಾಸ್ತರಿದ್ರು. ಎಪ್ಪತ್ತರ ಹತ್ತಿರ ವಯಸ್ಸು. ಗಾದಿ ಮೇಲೆ ಕಾಲು ಮಡಚಿ ಕೂತು ಕೆಂಪು ಬಟ್ಟೆಯ ಉದ್ದನೆ ಕಿರ್ದಿ ಬರೀತಿದ್ರು. ಅವರ ಕೆಲಸ ಕಿತ್ಕೊಳ್ಳೋಕೆ ಬಂದೋನು ನಾನು ಅಂತ ಇಬ್ಬರಿಗೂ ಗೊತ್ತಿತ್ತು. ಆದ್ರೂ ಅವರೇ ನಂಗೆ ಕಲಿಸಿದ್ದು. ಕಿರ್ದಿಯಿಂದ ಖಾತೆಗೆ ಇಳಿಸಿದಾಗ ಎಡಕ್ಕೆ ಜಮಾ, ಬಲಕ್ಕೆ ನಾವೆ. ಟ್ಯಾಲಿಯ ಲೆಡ್ಜರ್‌ನಲ್ಲಿ ಎಡಕ್ಕೆ ಡೆಬಿಟ್, ಬಲಕ್ಕೆ ಕ್ರೆಡಿಟ್. ಅಂದ್ರೆ ಕನ್ನಡಿಯಲ್ಲಿ ನೋಡಿದ ಹಾಗೆ ಪೂರಾ ಉಲ್ಟಾ. ಒಂದು ವಾರ ರೈತರಿಗೆ ಕೊಡೋ ಬಾಕಿಯನ್ನೆಲ್ಲಾ ರೈತರಿಂದ ಬರೋ ಬಾಕಿ ಅಂತ ಏರಿಸಿದ್ದೆ. ಅಜ್ಜ ಪ್ರಿಂಟ್ ನೋಡಿ ನಕ್ಕು, “ನೀ ಬರೆದದ್ದು ಖರೇ ಆಗಿದ್ರ ನಮ್ಮ ಸಾವ್ಕಾರ ಇಷ್ಟೊತ್ತಿಗೆ ಡ್ಯಾಂ ತಗೋತಿದ್ದ,” ಅಂದ್ರು.

ಕಚ್ಚಾ, ಪಕ್ಕಾ ಅಂತ ಎರಡು ಪುಸ್ತಕ ಇರ್ತಾವೆ ಅನ್ನೋದು ಎಲ್ಲರಿಗೂ ಗೊತ್ತಿರೋ ಗುಟ್ಟು. ಕಚ್ಚಾ ಕೂಡ ಬರೆದುಕೊಡು, ದುಪ್ಪಟ್ಟು ಕೊಡ್ತೀನಿ ಅಂತ ಒಬ್ಬರು ಕೇಳಿದ್ರು. ಆ ದಿನ ನನ್ನ ತಿಂಗಳ ಗಳಿಕೆ ಹನ್ನೊಂದು ಸಾವಿರ ಇತ್ತು. ಬೆಂಗಳೂರಿನಲ್ಲಿ ನನ್ನ ಮನೆ ಬಾಡಿಗೆ ಅದಕ್ಕಿಂತ ಜಾಸ್ತಿ ಇತ್ತು. ಆಗಲ್ಲ ಅಂತ ತಕ್ಷಣ ಹೇಳಿದೆ ಅಂತ ಬರೆಯೋಕೆ ಆಸೆ. ಎರಡು ದಿನ ಯೋಚನೆ ಮಾಡಿ ಆಮೇಲೆ ಆಗಲ್ಲ ಅಂದೆ. ಅವರು ಬೇಜಾರೂ ಮಾಡ್ಕೊಳ್ಳಲಿಲ್ಲ, ಗಿರಾಕಿಯೂ ಆಗಲಿಲ್ಲ.

ಈಗ ನಾನು ಮಾಡಿದ ತಪ್ಪಿಗೆ ಬರ್ತೀನಿ.

ಗಂಗಾವತಿಯಲ್ಲಿ ಒಂದು ಗೊಬ್ಬರದ ಅಂಗಡಿ. ಅಣ್ಣ ನೋಡ್ಕೊಳ್ತಿದ್ದ, ತಮ್ಮ ಹೊಲ ಮನೆ ನೋಡ್ತಿದ್ದ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಕೊಂಡು ಹೋಯ್ತಲ್ಲ, ಆಗ ಆ ಅಂಗಡಿಯ ಪುಸ್ತಕ ನನ್ನ ಹತ್ತಿರ ಇತ್ತು. ನಾಟಿ ಕಾಲ. ಮರುದಿನದಿಂದ ಒಂದು ವಾರ, ಸ್ಟಾಪ್‌ಲಾಗ್ ಕೂರಿಸಿ ನೀರು ನಿಲ್ಲಿಸೋವರೆಗೆ, ಪುಸ್ತಕದಲ್ಲಿ ಉದ್ರಿ ಎಂಟ್ರಿ ಒಂದೂ ಇಲ್ಲ. ಬರೀ ರೋಖಡಿ. ವರ್ಷಾನುಗಟ್ಟಲೆ ಉದ್ರಿ ಒಯ್ದ ರೈತರಿಗೂ ಇಲ್ಲ. ಯಾವ ಪೇಪರಿನಲ್ಲೂ ಬರದ ಸುದ್ದಿ ಅದು, ನನ್ನ ಲ್ಯಾಪ್‌ಟಾಪಿನಲ್ಲಿ ಇತ್ತು. ಊರಿನ ಹೆದರಿಕೆಯನ್ನ ಕಾಲಂ ಕಾಲಂ ಆಗಿ ನೋಡ್ತಿದ್ದೀನಿ ಅನ್ನಿಸಿ ಒಂಥರಾ ಹೆಮ್ಮೆಯೂ ಆಗಿತ್ತು. ಆ ಹೆಮ್ಮೆಯೇ ಮುಂದೆ ಬಾಯಿ ತೆರೆಸಿತು ಅಂತ ಕಾಣುತ್ತೆ.

ಡಿಸೆಂಬರ್‌ನಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕದವರು ಮಾತಿಗೆ ಅಂತ ಕೇಳಿದ್ರು, ಆ ಗೊಬ್ಬರದಂಗಡಿ ಹೆಂಗ್ ನಡದೈತಿ? ನಾನು ಹೋಳಿಗೆಗೆ ತುಪ್ಪ ಹಾಕಿಸ್ಕೊಳ್ತಾ, “ಏ, ಚಲೋ ಐತ್ರಿ,” ಅಂದೆ. ಅಷ್ಟೇ. ಒಂದು ಅಂಕಿ ಹೇಳಿಲ್ಲ, ಒಂದು ಹೆಸರು ಹೇಳಿಲ್ಲ.

ನಾಲ್ಕನೇ ದಿನ ಅಣ್ಣನ ಫೋನು. “ತಮ್ಮಾ, ನಮ್ಮ ಡೇಟಾ ಪೆನ್‌ಡ್ರೈವ್‌ನ್ಯಾಗ ಹಾಕಿ ಕೊಟ್ಟು ಹೋಗು.” ದನಿ ಎತ್ತರಿಸಲಿಲ್ಲ, ಬೈಯಲಿಲ್ಲ. ಆಮೇಲೆ ತಿಳೀತು, ಮನೆಯಲ್ಲಿ ಪಾಲಿನ ಮಾತು ನಡೀತಿತ್ತು. ಅಂಗಡಿ ಲುಕ್ಸಾನಿನಲ್ಲಿದೆ ಅಂತ ಅಣ್ಣ ಹೇಳಿದ್ದ. ಲೆಕ್ಕ ಬರೆಯೋ ಹುಡುಗನೇ ಚಲೋ ಐತಿ ಅಂದ ಅನ್ನೋದು ಮೂರು ಬಾಯಿ ದಾಟಿ ತಮ್ಮನ ಕಿವಿಗೆ ಬಿದ್ದಿತ್ತು.

ಈ ಪ್ರಸಂಗವನ್ನ ನಾನು ಬಹಳ ಸಲ ತಿರುವಿ ಹಾಕಿದ್ದೀನಿ. ಅಣ್ಣ ಹೇಳಿದ್ದು ಸುಳ್ಳಾ ನಿಜವಾ ಅನ್ನೋದು ನನಗೆ ಗೊತ್ತು, ಇಲ್ಲೂ ಬರೆಯಲ್ಲ. ತಮ್ಮನಿಗೆ ಮೋಸ ಆಗ್ತಿದ್ರೆ ನನ್ನ ಬಾಯಿ ಜಾರಿದ್ದು ಒಳ್ಳೇದೇ ಆಯ್ತಲ್ಲ ಅಂತ ಗೆಳೆಯನೊಬ್ಬ ಅಂದ. ನನಗೆ ಹಾಗೆ ಅನ್ನಿಸಲಿಲ್ಲ. ನಾನು ನ್ಯಾಯ ಮಾಡೋಕೆ ಅಂತ ಹೇಳಿದ್ದಲ್ಲ, ಹೋಳಿಗೆ ತಿನ್ನುತ್ತಾ ಹೇಳಿದ್ದು. ಕಂಪನಿಯಲ್ಲಿದ್ದಾಗ ಗೌಪ್ಯತೆಯ ಒಪ್ಪಂದಕ್ಕೆ ಓದದೆಯೇ ಸಹಿ ಹಾಕಿದ್ದೆ. ಯಾರ ಡೇಟಾನೋ, ಯಾವ ದೇಶದ್ದೋ. ಇಲ್ಲಿ ಯಾವ ಕಾಗದಕ್ಕೂ ಸಹಿ ಹಾಕಿಸಿಲ್ಲ, ಆದ್ರೆ ಯಾರ ಮಗಳ ಮದುವೆಗೆ ಎಷ್ಟು ಸಾಲ ಆಗಿದೆ ಅಂತ ನನಗೆ ಗೊತ್ತು, ಆ ಮಗಳು ಎದುರಿಗೆ ಬಂದು ನಮಸ್ಕಾರ ಅಣ್ಣಾ ಅಂತಾಳೆ.

ಗುಮಾಸ್ತ ಅಜ್ಜನಿಗೆ ಹೇಳಿದೆ. ಅವರು ಒಂದು ಪ್ರಶ್ನೆ ಕೇಳಿದ್ರು: “ನಮ್ಮ ಅಂಗಡಿ ಹೆಂಗೈತಿ ಅಂತ ನನ್ನ ಹೇಣ್ತಿ ನಲವತ್ತು ವರ್ಸ ಕೇಳ್ಯಾಳ. ನಾ ಏನಂತೀನಿ ಗೊತ್ತೈತೇನು? ಊಟಕ್ಕ ಹಾಕು ಅಂತೀನಿ.”

ಆ ಒಂದು ಗಿರಾಕಿ ಜತೆ ಇನ್ನೂ ಒಬ್ಬರು ಹೋದ್ರು. ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಏಳು ತಿಂಗಳು ಗಂಗಾವತಿಯಲ್ಲಿ ಹೊಸಬರೊಬ್ಬರೂ ಸಿಗಲಿಲ್ಲ. ಹಳೇ ಕಂಪನಿಯ ಗೆಳೆಯನಿಗೆ ಮೆಸೇಜ್ ಹಾಕಿ ಓಪನಿಂಗ್ ಇದೆಯಾ ಅಂತ ಕೇಳಿದ್ದೂ ಆಯ್ತು.

2025ರ ಜುಲೈನಲ್ಲಿ ಫೋನು ಒಂದೇ ಸಮ ಹೊಡ್ಕೊಳ್ಳೋಕೆ ಶುರುವಾಯ್ತು. ಯುಪಿಐನಲ್ಲಿ ಬಂದ ದುಡ್ಡಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡೋರಿಗೆ 20 ಲಕ್ಷ ದಾಟಿದ್ರೆ ನೋಂದಣಿ ಕಡ್ಡಾಯ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷದ ನೋಟಿಸ್ ಬಂದ ಸುದ್ದಿ ಎಲ್ಲರ ಫೋನಿನಲ್ಲೂ ಇತ್ತು. ನಮ್ಮ ಕಡೆ ನಾನು ನೋಡಿದ ಮಟ್ಟಿಗೆ ನೋಟಿಸ್ ಬಂದವರಿಗಿಂತ ಬಂದೀತು ಅಂತ ಹೆದರಿದವರೇ ಜಾಸ್ತಿ. ಕ್ಯೂಆರ್ ಕೋಡ್ ಮೇಲೆ ಕ್ಯಾಲೆಂಡರ್ ಹಾಳೆ ಅಂಟಿಸಿದವರಿದ್ರು.

ಕುಷ್ಟಗಿಯ ಒಬ್ಬ ಕಿರಾಣಿಯವರ ಮನೆಯಲ್ಲಿ ಮೂರು ರಾತ್ರಿ ಕೂತೆ. ನಾಲ್ಕು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದಿದ್ವಿ. ಎಲ್ಲ ದುಡ್ಡೂ ಒಂದೇ ಕ್ಯೂಆರ್‌ಗೆ ಬಂದಿದೆ. ಸಕ್ಕರೆ ಮಾರಿದ್ದು, ಚೀಟಿ ಎತ್ತಿದ್ದು, ಭಾವ ಕೊಟ್ಟ ಕೈಗಡ, ಎತ್ತು ಮಾರಿದ್ದು. ಯಾವುದು ವ್ಯಾಪಾರ, ಯಾವುದು ಅಲ್ಲ? ಅಂಗಡಿಯವರಿಗೆ ನೆನಪಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ, “ಎಷ್ಟನೇ ತಾರೀಖು?” ಅಂತ ಕೇಳಿದ್ರು. ಹೇಳಿದೆ. “ಇಪ್ಪತ್ತೈದು ಸಾವಿರಲ್ಲ? ಅದು ನಮ್ಮ ತಂಗಿ ಕುಬಸಕ್ಕ ನಾವು ಕೊಟ್ಟಿದ್ದು, ಅಕಿ ತಿರುಗಿ ಹಾಕ್ಯಾಳ.” ಮುಂದಿನದು? “ಅದು ಹುಡುಗನ ಹಾಸ್ಟೆಲ್‌ದು, ವಾಪಸ್ ಬಂದಿದ್ದು.” ಆ ಅಕ್ಕ ಗೋಧಿ ಆರಿಸ್ತಾ ನಾಲ್ಕು ವರ್ಷದ ದೊಡ್ಡ ಎಂಟ್ರಿಗಳನ್ನೆಲ್ಲಾ ಒಂದೊಂದಾಗಿ ಬಿಡಿಸಿ ಹೇಳಿದ್ರು. ನಾನು ಬರ್ಕೊಂಡೆ. ವ್ಯಾಪಾರದ್ದು ಅಂತ ಉಳಿದದ್ದು 40 ಲಕ್ಷದ ಒಳಗೇ ಇತ್ತು. ಅಂಗಡಿಯವರು ಹೆಂಡತಿಯನ್ನ ನೋಡಿದ ರೀತಿ ನೋಡಬೇಕಿತ್ತು. ಇಪ್ಪತ್ತು ವರ್ಷದಿಂದ ಮನೆಯಲ್ಲೊಬ್ಬ ಗುಮಾಸ್ತರಿದ್ದದ್ದು ಅವತ್ತೇ ಗೊತ್ತಾದ ಹಾಗೆ.

ಜುಲೈ 23ಕ್ಕೆ ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆ ಮಾಡಿ ಹಳೇ ಬಾಕಿ ವಸೂಲಿ ಮಾಡಲ್ಲ ಅಂದ್ರು. ಮರುದಿನವೇ ನನ್ನ ಹೊಸ ಗಿರಾಕಿಗಳಲ್ಲಿ ಇಬ್ಬರು, “ಹಂಗಾರ ಈಗ ಬ್ಯಾಡ ಬಿಡ್ರಿ,” ಅಂತ ಫೋನ್ ಮಾಡಿದ್ರು. ಕಿರಾಣಿಯವರು ಉಳಿದ್ರು. ಅಲ್ಲಿ ತಿಂಗಳಿಗೊಮ್ಮೆ ಲೆಕ್ಕ ಕೊಡೋದು ಈಗ ಆ ಅಕ್ಕನೇ. ಚೀಲ ಇಲ್ಲ, ದಾರ ಕಟ್ಟಿದ ಬಿಲ್ಲು, ತಾರೀಖಿನ ಪ್ರಕಾರ.

ದೀಪಾವಳಿ ಮುಗಿದು ಹದಿನೈದು ದಿನಕ್ಕೆ ಗಂಗಾವತಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಹೆಸರು ಹಿಡಿದು ಕರೆದ್ರು. ಗೊಬ್ಬರದಂಗಡಿಯ ತಮ್ಮ. ಪಾಲಾಗಿ, ತನ್ನದೇ ಬೀಜ, ಔಷಧದ ಅಂಗಡಿ ಹಾಕಿದ್ದಾರೆ. ಚಹಾ ಹೇಳಿದ್ರು. ಮಳೆ, ಡ್ಯಾಂ, ಭತ್ತದ ರೇಟು ಮಾತಾಡಿದ ಮೇಲೆ ಮೆಲ್ಲಗೆ ಕೇಳಿದ್ರು, “ಅಲ್ರೀ, ಆಗ ನಮ್ಮಣ್ಣನ ಅಂಗಡ್ಯಾಗ ಖರೇ ಏನಿತ್ತು? ಈಗೇನು, ಎಲ್ಲಾ ಮುಗದೈತಿ.”

ನಾನು ಚಹಾ ಕುಡಿದೆ. “ನನಗ ನೆನಪಿಲ್ರಿ,” ಅಂದೆ.

“ಅಷ್ಟು ತಿಂಗಳು ನೀವೇ ಬರ್ದೀರಲ್ರಿ.”

“ಬಹಳ ಮಂದೀದು ಬರೀತೀನ್ರಿ. ನೆನಪಿರಂಗಿಲ್ಲ.”

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ್ರು. ಆಮೇಲೆ ಬೈಕಿನ ಹತ್ತಿರ ಹೋಗಿ, ಹ್ಯಾಂಡಲ್‌ಗೆ ಸಿಗಿಸಿದ್ದ ಚೀಲ ತಂದು ಬೆಂಚಿನ ಮೇಲೆ ಇಟ್ಟರು. ಜೂನ್‌ನಿಂದ ಈಚಿನ ಬಿಲ್ಲು. ಸೆಪ್ಟೆಂಬರ್‌ದು ಅದರಲ್ಲಿ ಇರಲಿಲ್ಲ, ಸೋಮವಾರ ಹುಡುಕಿ ಕೊಡ್ತೀನಿ ಅಂದಿದ್ದಾರೆ.